ಮಂಜಿನ ಮೇಲೆ, ಮಂಜಿನ ಒಳಗೆ: ಕ್ಯಾಮೆರಾ ಹಿಡಿದು ಬೆಟ್ಟಕ್ಕೆ ಹೊರಡುವವರಿಗೆ

ಡಿಸೆಂಬರ್, ಜನವರಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ದಟ್ಟ ಮಂಜು, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಾರಾಟ ವಿಳಂಬ. ಬೆಳಗಿನ ವಿಮಾನ ಹಿಡಿಯಲು ದಕ್ಷಿಣ ಬೆಂಗಳೂರಿನ ಪದ್ಮನಾಭನಗರದಿಂದ ಮೂರು ಗಂಟೆಗೇ ಹೊರಟವರಿಗೆ ಅದು ತಲೆನೋವು. ಕ್ಯಾಮೆರಾ ಇಟ್ಟುಕೊಂಡವರಿಗೆ ಮಾತ್ರ ಅದು ಒಳ್ಳೆಯ ಸುದ್ದಿ. ವಿಮಾನ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿ. ಅದರ ಉತ್ತರಕ್ಕಿರುವ ನಂದಿಬೆಟ್ಟದ ನೆತ್ತಿ 1,478 ಮೀಟರ್. ರನ್‌ವೇಯನ್ನು ಮುಚ್ಚಿದ ಮಂಜು ನೆಲದಿಂದ ಕೆಲವು ನೂರು ಮೀಟರ್‌ಗಿಂತ ಮೇಲೇರುವುದು ಅಪರೂಪ. ಹಾಗಾಗಿ ಕೆಳಗೆ ಹತ್ತು ಮಾರು ದೂರದ ಮರವೂ ಕಾಣದಿರುವ ಹೊತ್ತಿನಲ್ಲಿ, ಬೆಟ್ಟದ ಮೇಲೆ ನಿಂತವರ ತಲೆಯ ಮೇಲೆ ನಕ್ಷತ್ರಗಳಿರುತ್ತವೆ, ಕಾಲಬುಡದಲ್ಲಿ ಬಿಳಿಯ ಸಮುದ್ರವಿರುತ್ತದೆ.

ಮಂಜಿನ ಚಿತ್ರ ತೆಗೆಯಬೇಕೆನ್ನುವವರು ಮೊದಲು ಕೇಳುವುದು ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ, ಯಾವ ಮಂಜು ಎಂಬುದು. ಕರ್ನಾಟಕದಲ್ಲಿ ಛಾಯಾಗ್ರಾಹಕರಿಗೆ ಒದಗುವ ಮಂಜು ಮುಖ್ಯವಾಗಿ ಎರಡು ಬಗೆ. ಒಂದು ಬಯಲುಸೀಮೆಯಲ್ಲಿ ಮಾಗಿಯ ರಾತ್ರಿ ನೆಲದಿಂದಲೇ ಹುಟ್ಟುವ ಮಂಜು. ಇನ್ನೊಂದು ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಕಡೆಯಿಂದ ಬಂದು ಪಶ್ಚಿಮಘಟ್ಟಕ್ಕೆ ಡಿಕ್ಕಿ ಹೊಡೆಯುವ ಮೋಡ. ಮೊದಲನೆಯದನ್ನು ಮೇಲೆ ನಿಂತು ತೆಗೆಯಬೇಕು, ಎರಡನೆಯದನ್ನು ಒಳಗೆ ನಿಂತು. ಹೊರಡುವ ದಿನ, ನಿಲ್ಲುವ ಜಾಗ, ಲೆನ್ಸು, ಎಕ್ಸ್‌ಪೋಷರ್ ಎಲ್ಲವೂ ಈ ಎರಡಕ್ಕೆ ಬೇರೆ ಬೇರೆ. ಇದನ್ನು ಗಮನಿಸದೆ ಜುಲೈ ತಿಂಗಳ ಭಾನುವಾರ ನಂದಿಗೆ ಹೋಗಿ ‘ಮೋಡದ ಸಮುದ್ರ’ ಹುಡುಕುವವರು ನೂರಾರು ಮಂದಿ.

ಮಾಗಿಯ ಮಂಜು

ಆಕಾಶ ತಿಳಿಯಾಗಿರುವ ರಾತ್ರಿ ನೆಲ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತ ಹೋಗಿ, ಅದರಲ್ಲಿರುವ ತೇವ ಹನಿಗಟ್ಟುವ ಉಷ್ಣಾಂಶಕ್ಕೆ ಇಳಿದಾಗ ಮಂಜಾಗುತ್ತದೆ. ತಣ್ಣನೆಯ ಗಾಳಿ ಭಾರ, ಹಾಗಾಗಿ ಅದು ತಗ್ಗಿಗೆ, ಕೆರೆ ಅಂಗಳಕ್ಕೆ, ಕಣಿವೆಗೆ ಹರಿದು ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳ ಹಾಕಿದಂತೆ ಕೂರುತ್ತದೆ. ಬೆಟ್ಟದ ಮೇಲಿಂದ ಮಂಜಿನ ಮೇಲ್ಮೈ ಅಷ್ಟು ಸಪಾಟಾಗಿ ಕಾಣಲು ಈ ಪದರವೇ ಕಾರಣ.

ಇದಕ್ಕೆ ಮೂರು ಸಂಗತಿ ಕೂಡಿಬರಬೇಕು: ಮೋಡವಿಲ್ಲದ ಆಕಾಶ, ಗಾಳಿಯಿಲ್ಲದ ರಾತ್ರಿ, ನೆಲದಲ್ಲಿ ತೇವ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ನವೆಂಬರ್, ಡಿಸೆಂಬರ್‌ನಲ್ಲಿ ಎರಡು ಮೂರು ದಿನ ಜಿಟಿಜಿಟಿ ಮಳೆ ಹಿಡಿದು ಆಮೇಲೆ ಬಾನು ತೆರೆಯುತ್ತದಲ್ಲ, ಆ ಮೊದಲ ಒಂದೆರಡು ರಾತ್ರಿಗಳನ್ನು ಬಿಡಬೇಡಿ. ಹಿಂದಿನ ಸಂಜೆಯೇ ಮನೆಯಲ್ಲಿ ಕೂತು ಅಂದಾಜು ಮಾಡಬಹುದು. ಹವಾಮಾನ ಆ್ಯಪ್‌ಗಳಲ್ಲಿ ಉಷ್ಣಾಂಶದ ಜೊತೆಗೆ ‘ಡ್ಯೂ ಪಾಯಿಂಟ್’, ಅಂದರೆ ತೇವ ಹನಿಗಟ್ಟುವ ಉಷ್ಣಾಂಶದ ಅಂಕಿಯೂ ಇರುತ್ತದೆ. ರಾತ್ರಿ ಹತ್ತರ ಹೊತ್ತಿಗೆ ದೇವನಹಳ್ಳಿ ಅಥವಾ ಚಿಕ್ಕಬಳ್ಳಾಪುರದಲ್ಲಿ ಇವೆರಡರ ಅಂತರ ಎರಡು ಡಿಗ್ರಿಯೊಳಗಿದ್ದು, ಗಾಳಿಯ ವೇಗ ಗಂಟೆಗೆ ಐದಾರು ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಅಲಾರಂ ಇಟ್ಟುಕೊಳ್ಳಬಹುದು. ಆ್ಯಪ್ ಬೇಡವೆಂದರೆ ಮನೆ ಮುಂದೆ ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆ ಕೈಯಾಡಿಸಿ ನೋಡಿ. ಮಲಗುವ ಹೊತ್ತಿಗೇ ಸೀಟು ಒದ್ದೆಯಾಗಿದ್ದು ತಾರಸಿಯಿಂದ ನಕ್ಷತ್ರಗಳು ಚೆನ್ನಾಗಿ ಕಾಣುತ್ತಿದ್ದರೆ ಅದೂ ಒಳ್ಳೆಯ ಸೂಚನೆ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳು ಸಿಗುತ್ತವೆ. ರಾತ್ರಿಯಿಡೀ ಪೂರ್ವದಿಂದ ಮೋಡ ಬರುತ್ತಿರುವುದು ಅಲ್ಲಿ ಕಂಡರೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಪದ್ಮನಾಭನಗರದಿಂದ ನಂದಿಗೆ ಹೋಗುವುದೆಂದರೆ ಇಡೀ ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕು, ಹತ್ತಿರ ಹತ್ತಿರ 70 ಕಿಲೋಮೀಟರ್. ಡಿಸೆಂಬರ್ ಕೊನೆಯಲ್ಲಿ ಸೂರ್ಯೋದಯ ಆರೂವರೆ ದಾಟಿದ ಮೇಲೆ, ಜನವರಿಯ ಉತ್ತರಾರ್ಧದಲ್ಲಿ 6.45ರ ಆಸುಪಾಸು. ಮೇಲೆ ತಲುಪಬೇಕಾದ್ದು ಅದಕ್ಕಿಂತ ಮುಕ್ಕಾಲು ಗಂಟೆ ಮೊದಲು. ವಾರಾಂತ್ಯದಲ್ಲಿ ಬೆಟ್ಟದ ಬುಡದಿಂದಲೇ ವಾಹನಗಳ ಸಾಲು ನಿಲ್ಲುತ್ತದೆ, ಗೇಟು ತೆರೆಯುವ ಹೊತ್ತೂ ಆಗಾಗ ಬದಲಾಗುತ್ತದೆ. ಹಿಂದಿನ ದಿನವೇ ಹೋಗಿ ಬೆಟ್ಟದ ಮೇಲಿನ ಸರ್ಕಾರಿ ವಸತಿಗೃಹದಲ್ಲಿ ಉಳಿಯುವುದೇ ಎಲ್ಲಕ್ಕಿಂತ ಒಳ್ಳೆಯದು. ಪಕ್ಕದ ಸ್ಕಂದಗಿರಿಗೂ ಇದೇ ಮಂಜು. ಅಲ್ಲಿಗೆ ಹತ್ತುವವರು ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಕಾಯ್ದಿರಿಸಬೇಕು.

ಇನ್ನು ಚಿತ್ರದ ಮಾತು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಎರಡು ಗಂಟೆ ಕಾಲ ಮಂಜು ಕೊಡುವ ಚಿತ್ರಗಳು ಒಂದರಂತೆ ಇನ್ನೊಂದಿಲ್ಲ. ಮೊದಲು ನೀಲಿ ಹೊತ್ತು. ಮಂಜಿನಡಿಯ ಹಳ್ಳಿಗಳ ದೀಪಗಳು ಒಳಗಿನಿಂದಲೇ ಹೊಳೆದು ಬಿಳಿ ಹೊದಿಕೆಯಲ್ಲಿ ಅಲ್ಲಲ್ಲಿ ಅರಿಶಿನ ಬಣ್ಣದ ಮಚ್ಚೆ ಮೂಡಿಸುತ್ತವೆ. ಟ್ರೈಪಾಡ್ ಮೇಲೆ ಎಫ್ 8, ಐಎಸ್‌ಒ 200 ಇಟ್ಟು ಎರಡರಿಂದ ಎಂಟು ಸೆಕೆಂಡ್ ಕೊಟ್ಟರೆ ಅವು ಸಿಗುತ್ತವೆ. ಈ ಹೊತ್ತನ್ನು ಚಹಾ ಅಂಗಡಿಯಲ್ಲಿ ಕಳೆಯುವವರೇ ಹೆಚ್ಚು. ಆಮೇಲೆ ಸೂರ್ಯನ ಮೊದಲ ಕಿರಣ ಮಂಜಿನ ಉಬ್ಬುಗಳನ್ನು ಮಾತ್ರ ತಾಗಿ, ಉಬ್ಬು ನಸುಗೆಂಪು, ತಗ್ಗು ನೀಲಿಯಾಗಿರುವ ಹತ್ತು ಹದಿನೈದು ನಿಮಿಷ. ಕೊನೆಯದು, ಬಿಸಿಲೇರಿ ಮಂಜು ಒಡೆಯತೊಡಗಿ ತೆಂಗಿನ ತಲೆ, ನೀಲಗಿರಿ ತೋಪು, ಸಣ್ಣ ಗುಡ್ಡಗಳು ಒಂದೊಂದಾಗಿ ಹೊರಬರುವ ಹೊತ್ತು. ಜನ ಇಳಿದು ತಿಂಡಿಗೆ ಹೊರಟಿರುತ್ತಾರೆ. ನನ್ನನ್ನು ಕೇಳಿದರೆ ದಿನದ ಅತ್ಯುತ್ತಮ ಚಿತ್ರಗಳು ಏಳೂವರೆಯಿಂದ ಎಂಟೂವರೆಯೊಳಗೆ ಸಿಗುತ್ತವೆ.

ಎಲ್ಲರೂ ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸುತ್ತಾರೆ. ಡಿಸೆಂಬರ್‌ನಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೇರ ಪೂರ್ವಕ್ಕಿಂತ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಹಾಗಾಗಿ ಉತ್ತರ, ಪಶ್ಚಿಮದ ಕಡೆಯ ಮಂಜಿನ ಮೇಲೆ ಓರೆ ಬೆಳಕು ಬೀಳುತ್ತದೆ. ಸುತ್ತಲಿನ ಬೆಟ್ಟಗಳ ನೆರಳು ಮಂಜಿನ ಮೇಲೆ ಉದ್ದಕ್ಕೆ ಚಾಚುವುದು ಆ ಕಡೆಯೇ. ಇಲ್ಲಿ 16 ಮಿ.ಮೀ. ವೈಡ್ ಲೆನ್ಸಿಗಿಂತ 70–200 ಅಥವಾ 100–400 ಮಿ.ಮೀ. ಲೆನ್ಸು ಹೆಚ್ಚು ಕೆಲಸಕ್ಕೆ ಬರುತ್ತದೆ. ವೈಡ್ ಲೆನ್ಸಿನಲ್ಲಿ ಆ ಸಮುದ್ರ ಒಂದು ತೆಳು ಬಿಳಿ ಪಟ್ಟಿಯಾಗಿ ಕುಗ್ಗುತ್ತದೆ. ಉದ್ದದ ಲೆನ್ಸು ಒಂದೇ ಗುಡ್ಡವನ್ನು, ಅದರ ಸುತ್ತ ಸುತ್ತಿಕೊಂಡ ಮಂಜನ್ನು ಬಿಡಿಸಿ ತೋರಿಸುತ್ತದೆ.

ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ. ಸೂರ್ಯ ಹಿಂದೆ ತಗ್ಗಿನಲ್ಲಿದ್ದು ಎದುರಿಗೆ, ಕಣ್ಣಿಗಿಂತ ಕೆಳಗೆ ಮಂಜಿದ್ದರೆ ನಿಮ್ಮ ನೆರಳು ಅದರ ಮೇಲೆ ಬೀಳುತ್ತದೆ. ತಲೆಯ ನೆರಳಿನ ಸುತ್ತ ಬಣ್ಣದ ಉಂಗುರ ಕಾಣಿಸಿಕೊಳ್ಳಬಹುದು. ಜರ್ಮನಿಯ ಬ್ರಾಕೆನ್ ಶಿಖರದಲ್ಲಿ ಇಂಥ ನೆರಳನ್ನು ಹಿಂದೆಯೇ ದಾಖಲಿಸಿದ್ದರಿಂದ ಅದಕ್ಕೆ ಆ ಶಿಖರದ ಹೆಸರೇ ಅಂಟಿಕೊಂಡಿದೆ. ಕೆಲವೊಮ್ಮೆ ಮಳೆಬಿಲ್ಲಿನಂಥದೇ ಆದರೆ ಬಣ್ಣವಿಲ್ಲದ ಬಿಳಿ ಕಮಾನು ಕಾಣುತ್ತದೆ. ಮಂಜಿನ ಹನಿ ಬಹಳ ಸಣ್ಣದಾದ್ದರಿಂದ ಬಣ್ಣಗಳು ಒಂದರ ಮೇಲೊಂದು ಹರಡಿ ಬೆಳ್ಳಗಾಗುತ್ತವೆ. ಈ ಎರಡೂ ಕಾಣುವುದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಮಾತ್ರ.

ಮಳೆಗಾಲದ ಮಂಜು

ಘಟ್ಟದ ಲೆಕ್ಕವೇ ಬೇರೆ. ತೇವ ತುಂಬಿದ ನೈರುತ್ಯದ ಗಾಳಿ ಬೆಟ್ಟ ಹತ್ತುವಾಗ ಪ್ರತಿ ನೂರು ಮೀಟರ್‌ಗೆ ಸುಮಾರು ಒಂದು ಡಿಗ್ರಿಯಂತೆ ತಣ್ಣಗಾಗುತ್ತದೆ. ಒಂದು ಎತ್ತರ ಮುಟ್ಟಿದಾಗ ಮೋಡವಾಗುತ್ತದೆ. ಕೆಳಗಿನ ಊರಿನವರಿಗೆ ಅದು ಬೆಟ್ಟಕ್ಕೆ ಕಟ್ಟಿದ ಮೋಡ, ಬೆಟ್ಟದ ಮೇಲಿರುವವರಿಗೆ ಮಂಜು. ಇಲ್ಲಿ ಗಾಳಿ ಬೇಕೇ ಬೇಕು. ಮಂಜು ನಿಲ್ಲುವುದಿಲ್ಲ, ಹರಿಯುತ್ತದೆ, ಕಣಿವೆಯ ಬಾಯಿಂದ ಮೇಲೆದ್ದು ಶಿಖರದ ಅಂಚಿನಲ್ಲಿ ಮಗುಚಿ ಇನ್ನೊಂದು ಪಕ್ಕಕ್ಕೆ ಇಳಿಯುತ್ತದೆ.

ಕಾಲವನ್ನು ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದೇ ಸುಲಭ. ಆರಿದ್ರಾ, ಪುನರ್ವಸು, ಪುಷ್ಯ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ, ಮಲೆನಾಡಿನಲ್ಲಿ ಮಳೆಯೇ ಮಳೆ. ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಲ್ಲಿ ಆಗ ಕ್ಯಾಮೆರಾ ಚೀಲದಿಂದ ಹೊರತೆಗೆಯುವುದೇ ಕಷ್ಟ. ಆಶ್ಲೇಷ, ಮಘಾದಲ್ಲಿ ಮಳೆ ಬಿಡುವು ಕೊಡಲು ಶುರುಮಾಡುತ್ತದೆ. ಆಗಸ್ಟ್ ಮಧ್ಯದಿಂದ ಹಸ್ತ, ಚಿತ್ತಾ ಮಳೆಯವರೆಗೆ, ಅಂದರೆ ಅಕ್ಟೋಬರ್ ಮೂರನೆಯ ವಾರದವರೆಗಿನ ಕಾಲವೇ ಛಾಯಾಗ್ರಾಹಕರ ಹಬ್ಬ. ಹುಲ್ಲು ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಮಂಜು ಗಂಟೆಗೊಮ್ಮೆ ಮುಚ್ಚಿ ತೆರೆಯುತ್ತದೆ.

ಜಾಗಗಳಿಗೆ ಕೊರತೆಯಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿಂದ ಬಾಬಾಬುಡನ್‌ಗಿರಿ ಸಾಲು ಅರ್ಧಚಂದ್ರಾಕಾರದಲ್ಲಿ ಬಾಗುವುದರಿಂದ ಒಂದೇ ಕಡೆ ನಿಂತು ಒಂದರ ಹಿಂದೊಂದು ಏಣನ್ನು ಮಂಜಿನಲ್ಲಿ ಕಾಣಬಹುದು. ಆಗುಂಬೆ ಸಮೀಪದ ಕುಂದಾದ್ರಿಯಲ್ಲಿ ಬಂಡೆಯ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ. ಮಂಜಿಗೆ ಆಕಾರ ಕೊಡುವ ಮುನ್ನೆಲೆ ಅಲ್ಲಿ ತಾನಾಗಿಯೇ ಇದೆ. ಕೊಡಗಿನ ಮಾಂದಲಪಟ್ಟಿ, ತಡಿಯಂಡಮೋಳ್, ಮೂಡಿಗೆರೆಯಾಚೆಯ ಚಾರ್ಮಾಡಿ, ಕೊಡಚಾದ್ರಿ, ಕುದುರೆಮುಖ ಎಲ್ಲವೂ ಹೆಸರಾದವು. ಕೊಡಗಿಗೆ ಹೋಗುವ ದಕ್ಷಿಣ ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ರಾತ್ರಿ ಬಸ್ ಹಿಡಿಯುವುದು ಸಲೀಸು. ಒಂದು ಸಲಹೆ: ಎರಡು ದಿನಕ್ಕೆ ಐದು ಜಾಗ ಹಾಕಿಕೊಳ್ಳಬೇಡಿ. ಮುಚ್ಚಿಕೊಂಡ ಮಂಜು ತೆರೆಯುವವರೆಗೆ ಕಾಯದೆ ಮುಂದಿನ ‘ಪಾಯಿಂಟ್’ಗೆ ಓಡಿದವರಿಗೆ ಐದು ಕಡೆಯೂ ಸಿಗುವುದು ಅದೇ ಬಿಳಿ ಗೋಡೆ.

ಪೂರ್ತಿ ಮುಚ್ಚಿಕೊಂಡಾಗ ಶಿಖರದಲ್ಲಿ ನಿಂತು ಪ್ರಯೋಜನವಿಲ್ಲ. ಇಳಿದು ಕಾಡಿನೊಳಕ್ಕೆ, ತೋಟದೊಳಕ್ಕೆ ಬನ್ನಿ. ದೂರ ನೋಡಲಾಗದ ದಿನ ಮರಗಳನ್ನು ನೋಡುವ ದಿನ.

ಮರ ಎಷ್ಟು ದೂರದಲ್ಲಿರಬೇಕು

ಮಾಮೂಲಿ ದಿನ ಕಾಡು ಚಿತ್ರಕ್ಕೆ ಒಗ್ಗುವುದಿಲ್ಲ. ಸಾವಿರ ಕೊಂಬೆ, ಸಾವಿರ ಎಲೆ, ಎಲ್ಲಕ್ಕೂ ಒಂದೇ ಗಲಾಟೆ. ಮಂಜು ಹಿಂದಿನದನ್ನೆಲ್ಲ ಅಳಿಸಿ ಹತ್ತಿರದ್ದನ್ನು ಮಾತ್ರ ಉಳಿಸುತ್ತದೆ. ಎಷ್ಟು ಉಳಿಸುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ, ಛಾಯಾಗ್ರಾಹಕರಿಗೆ ಬಹಳ ಉಪಯೋಗಕ್ಕೆ ಬರುವಂಥದ್ದು. ಮಂಜಿನಲ್ಲಿ ಕಣ್ಣಿಗೆ ಕಾಣುವ ಕೊಟ್ಟಕೊನೆಯ ದೂರವನ್ನು ನೂರು ಮೀಟರ್ ಎಂದಿಟ್ಟುಕೊಳ್ಳಿ. ಅಲ್ಲಿರುವ ಮರದ ಕಾಂಟ್ರಾಸ್ಟ್ ಶೇಕಡ 2ಕ್ಕೆ ಇಳಿದಿರುತ್ತದೆ. ಐವತ್ತು ಮೀಟರ್‌ನಲ್ಲಿರುವ ಮರಕ್ಕೆ ಉಳಿಯುವುದು ಏಳರಲ್ಲಿ ಒಂದು ಪಾಲು. ಇಪ್ಪತ್ತೈದು ಮೀಟರ್‌ನಲ್ಲಿರುವುದಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು.

ಇದರರ್ಥ, ಮುಖ್ಯ ಮರ ಕಾಣುವ ದೂರದ ಕಾಲುಭಾಗದೊಳಗಿರಲಿ. ಎರಡನೆಯದು ಅರ್ಧ ದೂರದಲ್ಲಿ, ಮೂರನೆಯದು ಇನ್ನೇನು ಕರಗಿಹೋಗುವಂತಿರಲಿ. ಈ ಮೂರು ಬಣ್ಣದ ಮೆಟ್ಟಿಲು ಸಿಕ್ಕಿದರೆ ಚಿತ್ರಕ್ಕೆ ಆಳ ಬಂತು. ಮೂರೂ ಒಂದೇ ದೂರದಲ್ಲಿದ್ದರೆ ಎಷ್ಟು ಸುಂದರ ಮಂಜಾದರೂ ಚಿತ್ರ ಚಪ್ಪಟೆ. ಮಂಜು ದಟ್ಟವಾದಂತೆ ನೀವು ಮರದ ಹತ್ತಿರ ಸರಿಯಬೇಕು, ತೆಳುವಾದಂತೆ ಹಿಂದೆ ಬಂದು ಉದ್ದದ ಲೆನ್ಸು ಹಾಕಬೇಕು. ಕಾಫಿ ತೋಟದ ಸಿಲ್ವರ್ ಓಕ್ ಸಾಲು ಇದನ್ನು ಕಲಿಯಲು ಹೇಳಿ ಮಾಡಿಸಿದ ಜಾಗ. ಕಾಂಡಗಳು ನೇರ, ಅಂತರ ಹೆಚ್ಚುಕಡಿಮೆ ಸಮ. ಒಂದು ಹೆಜ್ಜೆ ಎಡಕ್ಕಿಟ್ಟರೆ ಎರಡು ಕಾಂಡ ಒಂದರ ಮೇಲೊಂದು ಬೀಳುತ್ತವೆ, ಬಲಕ್ಕಿಟ್ಟರೆ ಬಿಡಿಬಿಡಿಯಾಗುತ್ತವೆ. ತೋಟಕ್ಕೆ ಕಾಲಿಡುವ ಮುನ್ನ ಮಾಲೀಕರನ್ನೋ ತೋಟದ ಲೆಕ್ಕ ನೋಡುವ ರೈಟರನ್ನೋ ಒಂದು ಮಾತು ಕೇಳಿ.

ಎಕ್ಸ್‌ಪೋಷರ್ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚಿನವರ ಮಂಜು ಕೊಳೆಯಾಗಿ ಕಾಣುವುದು ಇಲ್ಲಿ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಬೆಳ್ಳನೆಯ ಮಂಜನ್ನು ಬೂದಿಯ ಬಣ್ಣಕ್ಕೆ ಇಳಿಸುತ್ತದೆ. ಮೀಟರ್ ಎಫ್ 8ರಲ್ಲಿ 1/125 ಸೆಕೆಂಡ್ ಎಂದರೆ ನೀವು 1/60 ಕೊಡಿ, ಅಂದರೆ ಒಂದು ಸ್ಟಾಪ್ ಹೆಚ್ಚು. ತೆಳು ಮಂಜಿಗೆ ಮುಕ್ಕಾಲು ಸ್ಟಾಪ್ ಸಾಕು, ದಟ್ಟ ಮಂಜಿಗೆ ಒಂದೂಕಾಲು, ಒಂದೂವರೆವರೆಗೂ ಹೋಗಬಹುದು. ತೆಗೆದ ಮೇಲೆ ಹಿಸ್ಟೋಗ್ರಾಂ ನೋಡಿ. ಗುಡ್ಡೆ ಬಲಕ್ಕೆ ವಾಲಿರಬೇಕು, ಬಲಗೋಡೆಗೆ ತಾಗಿರಬಾರದು. ಆದರೆ ನಂದಿಯ ಮೇಲೆ ಸೂರ್ಯ ಚೌಕಟ್ಟಿನೊಳಗಿದ್ದರೆ ಈ ಮಾತು ತಿರುಗಿಬೀಳುತ್ತದೆ. ಅಲ್ಲಿ ಬೆಳಕಿನ ಭಾಗ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಕಡಿಮೆ ಮಾಡಿ, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಎರಡೂ ಕಡೆ ರಾ ಫೈಲ್ ಇರಲಿ. ನುಣುಪಾದ ಮಂಜಿನ ಮೇಲೆ ಜೆಪೆಗ್ ಚಿತ್ರವನ್ನು ತಿದ್ದಲು ಹೋದರೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಆಟೋಫೋಕಸ್‌ಗೆ ಹಿಡಿಯಲು ಗೆರೆ ಬೇಕು. ಬರೀ ಬಿಳಿಯ ಮೇಲೆ ಬಿಟ್ಟರೆ ಲೆನ್ಸು ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಕಾಂಡದ ಅಂಚಿಗೋ ಬಂಡೆಯ ಅಂಚಿಗೋ ಫೋಕಸ್ ಕೂರಿಸಿ ಮ್ಯಾನ್ಯುಯಲ್‌ಗೆ ತಿರುಗಿಸಿಬಿಡಿ. ಒದ್ದೆ ಕಾಡಿನಲ್ಲಿ ಪೋಲರೈಸರ್ ಫಿಲ್ಟರ್ ಬಹಳ ಒಳ್ಳೆಯದು. ಎಲೆಗಳ ಮೇಲಿನ ಬಿಳಿ ಹೊಳಪು ಹೋಗಿ ಹಸಿರು ತುಂಬಿಕೊಳ್ಳುತ್ತದೆ, ಬದಲಿಗೆ ಒಂದೂವರೆ ಸ್ಟಾಪ್‌ನಷ್ಟು ಬೆಳಕು ನುಂಗುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ, ಬೆಳಗಿನ ನೀಲಿಯನ್ನು ಅದು ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ಡೇಲೈಟ್‌ನಲ್ಲಿ ಇಟ್ಟರೆ ಕಂಡದ್ದು ಕಂಡ ಹಾಗೆ ಇರುತ್ತದೆ.

ಹರಿಯುವ ಮಂಜಿಗೆ ಶಟರ್ ವೇಗವೇ ಕುಂಚ. ಶಿಖರದಂಚಿನಲ್ಲಿ ಮಗುಚುವ ಮಂಜನ್ನು 1/250ರಲ್ಲಿ ತೆಗೆದರೆ ಹಿಂಜಿದ ಅರಳೆ, ಎರಡು ಸೆಕೆಂಡಿನಲ್ಲಿ ತೆಗೆದರೆ ಹರಿಯುವ ಹಾಲು, ಮೂವತ್ತು ಸೆಕೆಂಡಿನಲ್ಲಿ ಬರೀ ಹೊಗೆ. ಹಗಲಿನಲ್ಲಿ ಅಷ್ಟು ಹೊತ್ತು ಶಟರ್ ತೆರೆದಿಡಲು ಎನ್‌ಡಿ ಫಿಲ್ಟರ್ ಬೇಕು. ಆರು ಸ್ಟಾಪ್ ಫಿಲ್ಟರ್ ಬೆಳಕನ್ನು 64ನೇ ಒಂದು ಭಾಗಕ್ಕೆ ಇಳಿಸುತ್ತದೆ, 1/30 ಸೆಕೆಂಡ್ ಎರಡು ಸೆಕೆಂಡ್ ಆಗುತ್ತದೆ. ಹತ್ತು ಸ್ಟಾಪ್‌ನದು ಅದೇ 1/30ನ್ನು ಮೂವತ್ತು ಸೆಕೆಂಡ್ ದಾಟಿಸುತ್ತದೆ. ಮಂಜಿಗೆ ಆರು ಸ್ಟಾಪ್‌ನದೇ ಸಾಕು. ಟೈಮ್‌ಲ್ಯಾಪ್ಸ್ ಮಾಡುವವರು ನಾಲ್ಕು ಸೆಕೆಂಡಿಗೊಂದರಂತೆ 300 ಚಿತ್ರ ತೆಗೆಯಲಿ. ಇಪ್ಪತ್ತು ನಿಮಿಷದ ಕೆಲಸ, ಹನ್ನೆರಡು ಸೆಕೆಂಡಿನ ವಿಡಿಯೊ.

ಬೆಳಕಿನ ಕೋಲುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನ ಸಿ. ರಾಜಗೋಪಾಲ್ ಅವರಂಥ ಹಿರಿಯ ಪಿಕ್ಟೋರಿಯಲ್ ಛಾಯಾಗ್ರಾಹಕರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿದವರಿಗೆ ಮುಂಜಾನೆಯ ಬೆಳಕಿನಿಂದ ಏನೆಲ್ಲ ಮಾಡಬಹುದೆಂದು ಗೊತ್ತು. ಕೋಲು ಮೂಡುವುದು ಮಂಜು ದಟ್ಟವಾಗಿದ್ದಾಗಲ್ಲ, ತೆಳುವಾಗುತ್ತಿರುವಾಗ. ಸೂರ್ಯನ ಕಡೆಗೇ ಮುಖ ಮಾಡಿ, ಸೂರ್ಯನನ್ನು ಒಂದು ಕಾಂಡದ ಹಿಂದೆ ಪೂರ್ತಿ ಮರೆಯಾಗಿಸಿ. ಅರ್ಧ ಅಡಿ ಸರಿದರೂ ಕೋಲು ಕರಗುತ್ತದೆ. ಇಲ್ಲಿ ಎಕ್ಸ್‌ಪೋಷರ್ ಅರ್ಧ, ಮುಕ್ಕಾಲು ಸ್ಟಾಪ್ ಕಡಿಮೆ ಇರಲಿ.

ಮೊಬೈಲ್ ಮಾತ್ರ ಇದ್ದವರು ಬೇಸರಪಡಬೇಕಾಗಿಲ್ಲ. ತೆರೆಯ ಮೇಲೆ ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಬೆರಳನ್ನು ಮೇಲಕ್ಕೆ ಸರಿಸಿ ತುಸು ಬೆಳಕು ಹೆಚ್ಚಿಸಿ. ಟೆಲಿ ಲೆನ್ಸ್ ಇದ್ದರೆ ಅದನ್ನೇ ಬಳಸಿ. ದೃಶ್ಯ ಗುರುತಿಸಿ ತಾನೇ ಬಣ್ಣ ತುಂಬುವ ಸವಲತ್ತನ್ನು ಆಫ್ ಮಾಡಿ, ಅದು ಮಂಜನ್ನು ದೋಷವೆಂದು ತಿಳಿದು ತೆಗೆದುಹಾಕಲು ನೋಡುತ್ತದೆ. ಮನೆಗೆ ಬಂದು ತಿದ್ದುವಾಗ ‘ಡೀಹೇಜ್’ ಸ್ಲೈಡರನ್ನು ಮುಟ್ಟದಿರುವುದೂ ಇದೇ ಕಾರಣಕ್ಕೆ. ಕಷ್ಟಪಟ್ಟು ತಂದ ಮಂಜನ್ನು ಅದು ಒರೆಸಿಹಾಕುತ್ತದೆ.

ತಾರಸಿಯ ಮೋಡ

ಬೆಟ್ಟಕ್ಕೆ ಹೋಗಲಾಗದ ವಾರಗಳಲ್ಲಿ ಅಭ್ಯಾಸಕ್ಕೆ ಪದ್ಮನಾಭನಗರದ ತಾರಸಿಯೇ ಸಾಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ಮೋಡಗಳು ವರ್ಷವಿಡೀ ನೋಡುವಂತಿರುತ್ತವೆ. ಲಂಡನ್ನಿನಲ್ಲಿ ಔಷಧ ತಯಾರಿಸುತ್ತಿದ್ದ ಲ್ಯೂಕ್ ಹೊವಾರ್ಡ್ 1802ರಲ್ಲಿ ಮೋಡಗಳಿಗೆ ಸಿರಸ್, ಕ್ಯುಮ್ಯುಲಸ್, ಸ್ಟ್ರೇಟಸ್ ಎಂದು ಹೆಸರಿಟ್ಟ. ಇಂದಿಗೂ ಹವಾಮಾನ ತಜ್ಞರು ಬಳಸುವುದು ಅದೇ ಹೆಸರುಗಳನ್ನು. ಏಪ್ರಿಲ್, ಮೇ ಸಂಜೆ ದೂರದ ಗುಡುಗು ಮೋಡ ಹದಿನೈದು ಕಿಲೋಮೀಟರ್ ಎತ್ತರದವರೆಗೂ ಬೆಳೆದು ನೆತ್ತಿ ಚಪ್ಪಟೆಯಾಗಿ ಹರಡಿರುತ್ತದೆ. ಊರಿನ ಮೇಲೆ ಇರುವಾಗ ಅದರ ಆಕಾರ ಕಾಣದು. ನೂರು ಕಿಲೋಮೀಟರ್ ಆಚೆ ಇರುವಾಗ, ಇಳಿಬಿಸಿಲು ಪಕ್ಕದಿಂದ ಬಿದ್ದಾಗ ತೆಗೆಯಬೇಕು. ಗುಡುಗು ಕಿವಿಗೆ ಕೇಳಿದ ಕೂಡಲೇ ತಾರಸಿ ಇಳಿಯಿರಿ. ಬೆಟ್ಟದ ಮೇಲಂತೂ ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ಮೋಡಕ್ಕೂ ಬೆಟ್ಟಕ್ಕೂ ಇರುವ ನಂಟನ್ನು ಕ್ಯಾಮೆರಾದಿಂದ ಅಭ್ಯಾಸ ಮಾಡಿದವರಲ್ಲಿ ಜಪಾನಿನ ಮಸನಾವೊ ಅಬೆ ದೊಡ್ಡ ಹೆಸರು. 1920ರ ದಶಕದ ಕೊನೆಯಿಂದ ಅವರು ಫ್ಯೂಜಿ ಪರ್ವತ ಕಾಣುವಲ್ಲಿ ವೀಕ್ಷಣಾಲಯ ಕಟ್ಟಿಕೊಂಡು ವರ್ಷಗಟ್ಟಲೆ ಅದರ ಸುತ್ತಲ ಮೋಡಗಳ ಚಿತ್ರ ತೆಗೆದರು. ಬೆಟ್ಟದ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ನಾವೂ ಒಂದು ಬೆಟ್ಟ ಹಿಡಿದುಕೊಳ್ಳಬಹುದು. ದಕ್ಷಿಣ ಬೆಂಗಳೂರಿನವರಿಗೆ ಕನಕಪುರ ಕಡೆಯ ಬಿಳಿಕಲ್ ರಂಗಸ್ವಾಮಿ ಬೆಟ್ಟ, ಮಾಗಡಿಯ ಸಾವನದುರ್ಗ ನಂದಿಗಿಂತ ಅನುಕೂಲ, ಜನಜಂಗುಳಿಯೂ ಕಡಿಮೆ.

ಕ್ಯಾಮೆರಾ, ಕಾಡು, ರಸ್ತೆ

ಮಂಜಿನಲ್ಲಿ ಕ್ಯಾಮೆರಾಕ್ಕೆ ನೀರಿಗಿಂತ ಹೆಚ್ಚು ತೊಂದರೆ ಕೊಡುವುದು ಉಷ್ಣಾಂಶದ ಏರಿಳಿತ. ಎಸಿ ಹಾಕಿದ ಕಾರಿನಿಂದ ತೇವದ ಗಾಳಿಗೆ ಇಳಿದ ಕೂಡಲೇ ಲೆನ್ಸಿನ ಗಾಜು ಮಬ್ಬಾಗುತ್ತದೆ. ಹತ್ತಿರ ಬರುತ್ತಿದ್ದಂತೆ ಎಸಿ ಆರಿಸಿ, ಕಿಟಕಿ ತೆರೆಯಿರಿ. ಬೆಟ್ಟದ ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಜಿಪ್ ಚೀಲದೊಳಗಿಟ್ಟು ಬಾಯಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮಂಜಿನಲ್ಲಿ ಲೆನ್ಸ್ ಬದಲಿಸಬೇಡಿ. ಲೆನ್ಸ್ ಹುಡ್, ಒಣ ಬಟ್ಟೆ ಎರಡು, ಕ್ಯಾಮೆರಾಕ್ಕೆ ಹೊದಿಸಲು ಒಂದು ಶವರ್ ಕ್ಯಾಪ್, ದೊಡ್ಡ ಕೊಡೆ ಇಷ್ಟಿದ್ದರೆ ಸಾಧಾರಣ ಮಳೆಗೆ ಸಾಕು. ಸೆನ್ಸರಿನ ಮೇಲಿನ ಧೂಳಿನ ಕಣಗಳು ಬೇರೆ ಚಿತ್ರಗಳಲ್ಲಿ ಅಡಗಿದರೂ ಬಯಲಾದ ಬಿಳಿಯಲ್ಲಿ ಎದ್ದು ಕಾಣುತ್ತವೆ, ಹೋಗುವ ಮುನ್ನ ಸ್ವಚ್ಛ ಮಾಡಿಸಿ. ಮಲೆನಾಡಿನಿಂದ ಬಂದ ಕ್ಯಾಮೆರಾವನ್ನು ಹಾಗೇ ಚೀಲದಲ್ಲಿ ಬಿಟ್ಟರೆ ಲೆನ್ಸಿನೊಳಗೆ ಬೂಸು ಕಟ್ಟುತ್ತದೆ. ಒಂದು ದಿನ ಫ್ಯಾನಿನ ಕೆಳಗಿಟ್ಟು, ಆಮೇಲೆ ತೇವಾಂಶ ಶೇಕಡ 40ರಿಂದ 50ರೊಳಗೆ ಇರುವ ಡ್ರೈ ಕ್ಯಾಬಿನೆಟ್‌ನಲ್ಲೋ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲೋ ಇಡಿ.

ಉಂಬಳಕ್ಕೆ ಹೆದರುವವರು ಉದ್ದನೆಯ ಕಾಲುಚೀಲ ಹಾಕಿ ಅದಕ್ಕೆ ಹೊಗೆಸೊಪ್ಪಿನ ನೀರು ಸವರಿಕೊಳ್ಳಬಹುದು. ಮಲೆನಾಡಿನವರು ಮಾಡುವುದು ಅದನ್ನೇ. ಘಟ್ಟದ ತಿರುವಿನಲ್ಲಿ ಚಿತ್ರಕ್ಕೆಂದು ಕಾರು ನಿಲ್ಲಿಸುವುದು ಮಾತ್ರ ಖಂಡಿತ ಬೇಡ, ಹಿಂದೆ ಬರುವವರಿಗೆ ನೀವು ಕಾಣುವುದಿಲ್ಲ. ಮಂಜಿನಲ್ಲಿ ಲೋ ಬೀಮ್‌ನಲ್ಲೇ ಓಡಿಸಿ, ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಕುದುರೆಮುಖ, ತಡಿಯಂಡಮೋಳ್‌ನಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಮುಳ್ಳಯ್ಯನಗಿರಿಗೆ ದಿನಕ್ಕೆ ಇಂತಿಷ್ಟೇ ವಾಹನ ಎಂಬ ಮಿತಿಯಿದೆ. ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಶೋಲಾ ಕಾಡಿನ ಸುತ್ತಲ ಹುಲ್ಲುಗಾವಲು ಮಳೆ, ಮಂಜಿನ ನೀರು ಹಿಡಿದಿಟ್ಟುಕೊಂಡು ಹಳ್ಳಗಳಿಗೆ ಬಿಡುವ ನೆಲ. ಒಂದು ಜೀಪಿನ ಚಕ್ರದ ಗುರುತು ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದಾರಿ ಬಿಟ್ಟು ವಾಹನ ಇಳಿಸಬೇಡಿ, ಚಾಲಕರಿಗೂ ಇಳಿಸಲು ಹೇಳಬೇಡಿ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹೋದ ದಿನ, ಹಿಂದಿನ ದಿನದ ಮಳೆ, ರಾತ್ರಿಯ ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್, ಗಾಳಿ, ಮಂಜು ಒಡೆದ ಹೊತ್ತು ಇಷ್ಟನ್ನೇ ಬರೆಯಿರಿ, ಮಂಜು ಸಿಗದ ದಿನವನ್ನೂ ಬರೆಯಿರಿ. 1971ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕೂಟಗಳಿಗೆ ಹೋಗುವವರು ಈ ಟಿಪ್ಪಣಿಗಳನ್ನು ಅಲ್ಲಿ ಒಬ್ಬರಿಗೊಬ್ಬರು ಹಂಚಿಕೊಂಡರೆ ನಾಲ್ಕು ಜನರ ಅನುಭವ ಒಬ್ಬರದಾಗುತ್ತದೆ. ಮತ್ತೊಂದು ವಿನಂತಿ, ಕೆಲಸಕ್ಕೆ ಹೋಗುವವರಿಗೆ: ಒಳ್ಳೆಯ ಮಂಜು ವಾರಾಂತ್ಯ ನೋಡಿಕೊಂಡು ಬರುವುದಿಲ್ಲ, ಬರುತ್ತದೆಂದು ತಿಳಿಯುವುದೂ ಹಿಂದಿನ ಸಂಜೆಯೇ. ವರ್ಷದ ಸಿ.ಎಲ್. ಎಲ್ಲವನ್ನೂ ನವೆಂಬರ್ ಒಳಗೆ ಮುಗಿಸಿಬಿಡದೆ ಎರಡನ್ನು ಧನುರ್ಮಾಸಕ್ಕೆ ಉಳಿಸಿಟ್ಟುಕೊಳ್ಳಿ.